ಹಳೆಯ ಎಲಾನ್ ಕೊಳ್ಳಲೇ, ಹೊಸ ಎಂಎಕ್ಸ್-5 ಕೊಳ್ಳಲೇ?

ಪ್ರಶ್ನೆ: ನನಗೆ 52 ವರ್ಷ. ಕಾಲೇಜಿನ ದಿನಗಳಲ್ಲಿ ಲೋಟಸ್ ಎಲಾನ್ ಕಾರಿನ ಚಿತ್ರವನ್ನು ಪರ್ಸಿನಲ್ಲಿಟ್ಟುಕೊಂಡು ತಿರುಗಿದವನು. ಈಗ 1967ರ ಎಸ್3, ಎಂದರೆ ಮೂರನೇ ಸರಣಿಯ, ಎಲಾನ್ ಒಂದು ಮಾರಾಟಕ್ಕೆ ಬಂದಿದೆ. ಹದಿನೈದು ವರ್ಷದ ಹಿಂದೆ ಪೂರ್ತಿ ಬಿಚ್ಚಿ ಕಟ್ಟಿದ್ದಾರಂತೆ. ಅಲ್ಲಿಂದೀಚೆಗೆ ಮೂರು ಸಾವಿರ ಕಿಲೋಮೀಟರ್ ಕೂಡ ಓಡಿಲ್ಲ. ಬಣ್ಣ ಕನ್ನಡಿಯ ಹಾಗಿದೆ. ಅದೇ ದುಡ್ಡಿಗೆ ಎರಡು ವರ್ಷ ಓಡಿದ, 2 ಲೀಟರ್ ಎಂಜಿನ್ನಿನ ಮಾಜ್ದಾ ಎಂಎಕ್ಸ್-5 ಸಿಗುತ್ತದೆ. ಸ್ನೇಹಿತನೊಬ್ಬ, 'ಹಳೆಯದು ಗಟ್ಟಿ, ಬೆಲೆಯೂ ಏರುತ್ತಲೇ ಇರುತ್ತದೆ, ಕಣ್ಣು ಮುಚ್ಚಿಕೊಂಡು ಎಲಾನ್ ತಗೋ' ಅನ್ನುತ್ತಾನೆ. ಇನ್ನೊಬ್ಬ, 'ಅದು ರಸ್ತೆಯಲ್ಲಿ ಇರುವುದಕ್ಕಿಂತ ಗ್ಯಾರೇಜಿನಲ್ಲಿ ಇರುವುದೇ ಹೆಚ್ಚು' ಅನ್ನುತ್ತಾನೆ. ಮನೆಯಲ್ಲಿ ದಿನಬಳಕೆಗೆ ಬೇರೆ ಕಾರಿದೆ, ಮುಚ್ಚಿದ ಶೆಡ್ಡಿದೆ, ನನಗೆ ಸ್ಪ್ಯಾನರ್ ಹಿಡಿದು ಅಭ್ಯಾಸವಿದೆ. ವಾರಕ್ಕೆರಡು ಸಲ ಓಡಿಸುವುದು, ವರ್ಷಕ್ಕೆ ಒಂದೆರಡು ದೂರದ ಪ್ರಯಾಣ, ಇಷ್ಟೇ ಬಳಕೆ. ಎರಡೂ ಹಗುರವಾದ ಕಾರುಗಳೇ ಅಲ್ಲವೇ, ಓಡಿಸುವ ಸುಖ ಒಂದೇ ಇರುತ್ತದೆಯೇ? ಯಾವುದು ಒಳ್ಳೆಯದು? ಅಂದಹಾಗೆ, ಈಗಷ್ಟೇ ಲೈಸೆನ್ಸ್ ಸಿಕ್ಕಿರುವ ಮಗಳೂ ಓಡಿಸಲು ಕಾಯುತ್ತಿದ್ದಾಳೆ.

ಉತ್ತರ: ಕೊನೆಯ ಸಾಲನ್ನು ನೀವು 'ಅಂದಹಾಗೆ' ಎಂದು ಸೇರಿಸಿದ್ದೀರಿ. ನನ್ನ ತೀರ್ಮಾನ ನಿಂತಿರುವುದು ಆ ಸಾಲಿನ ಮೇಲೆಯೇ. ಅಲ್ಲಿಗೆ ಬರುವ ಮೊದಲು ಎರಡೂ ಕಾರುಗಳನ್ನು ಸ್ವಲ್ಪ ಬಿಚ್ಚಿ ನೋಡೋಣ.

ಟಾಪ್ ಸ್ಪೀಡ್ ಎಷ್ಟು, ಮೈಲೇಜ್ ಎಷ್ಟು ಎಂದು ನೀವು ಕೇಳಿಲ್ಲ. ನಿಮ್ಮ ಚಿಂತೆ ಬೇರೆಯದು. ಮೂವತ್ತು ವರ್ಷ ಸಾಕಿಕೊಂಡ ಆಸೆಗೆ ದುಡ್ಡು ಸುರಿದು ಕೊನೆಗೆ ತುಕ್ಕು ಕೊಂಡ ಹಾಗಾದರೆ ಏನು ಗತಿ? ಬುದ್ಧಿಯ ಮಾತು ಕೇಳಿ ಹೊಸದನ್ನು ತಂದು, ಆಮೇಲೆ 'ಅವತ್ತು ಅದನ್ನೇ ತಗೋಬೇಕಿತ್ತು' ಎಂದು ಕೊರಗುವ ಹಾಗಾದರೆ? ಎರಡೂ ಭಯಕ್ಕೆ ಕಾರಣವಿದೆ. ಎರಡೂ ಬಗೆಯಲ್ಲಿ ನೊಂದವರು ನನ್ನ ಗ್ಯಾರೇಜಿಗೆ ಬಂದು ಹೋಗಿದ್ದಾರೆ.

ನೀವು ಎದುರೆದುರು ನಿಲ್ಲಿಸಿರುವ ಈ ಎರಡು ಕಾರುಗಳು ಒಂದೇ ವಂಶದವು. ಕಾಲಿನ್ ಚಾಪ್‌ಮನ್ ಅವರ ಲೋಟಸ್ ಕಂಪನಿ ಎಲಾನ್ ಕಾರನ್ನು ಹೊರತಂದದ್ದು 1962ರಲ್ಲಿ. ವಿನ್ಯಾಸದ ಹೊಣೆ ರಾನ್ ಹಿಕ್‌ಮನ್ ಅವರದು. ಮಡಚಿ ಇಡುವ ವರ್ಕ್‌ಮೇಟ್ ಎಂಬ ಕೆಲಸದ ಬೆಂಚನ್ನು ಕಂಡುಹಿಡಿದವರೂ ಅವರೇ. ಅಂಥದೊಂದು ಬೆಂಚಿಲ್ಲದೆ ನನಗೆ ಈಗಲೂ ಕೆಲಸ ಸಾಗುವುದಿಲ್ಲ. ಬ್ರಿಟಿಷ್ ಕಾರುಗಳ ಹಾಗೆ ಹಗುರವಾದ, ತೆರೆದ ಸ್ಪೋರ್ಟ್ಸ್ ಕಾರೊಂದನ್ನು ನೀವೇಕೆ ಮಾಡಬಾರದು ಎಂದು ಬಾಬ್ ಹಾಲ್ ಎಂಬ ಪತ್ರಕರ್ತರು 1979ರಲ್ಲಿ ಮಾಜ್ದಾದ ಕೆನಿಚಿ ಯಮಾಮೊಟೊ ಅವರ ಮುಂದೆ ಮಾತು ತೆಗೆದರು. ಹತ್ತು ವರ್ಷದ ನಂತರ, 1989ರ ಶಿಕಾಗೋ ಪ್ರದರ್ಶನದಲ್ಲಿ, ಎಂಎಕ್ಸ್-5 ಕಣ್ಣಿಗೆ ಬಿತ್ತು. ಆ ಮೊದಲ ಕಾರಿನ ಮುಖ ನೋಡಿದರೆ ಸಾಕು, ಎಲಾನ್ ನೆನಪಾಗುತ್ತದೆ. ನೀವು ನೋಡಿರುವುದು 2015ರಲ್ಲಿ ಬಂದ ನಾಲ್ಕನೇ ತಲೆಮಾರು.

ಹಾಗಾದರೆ ಹಗುರ ಎಂದರೆ ಎರಡರಲ್ಲೂ ಒಂದೇಯೇ? ಅಲ್ಲ. ಎಲಾನ್ ತೂಕ ಸುಮಾರು 700 ಕಿಲೋ. 2 ಲೀಟರ್ ಎಂಎಕ್ಸ್-5 ಸುಮಾರು 1,050 ಕಿಲೋ. ನಡುವಿನ 350 ಕಿಲೋ ಎಂದರೆ ಐವರು ದೊಡ್ಡವರ ಭಾರ. ಎಲಾನ್ ಉದ್ದ 3.68 ಮೀಟರ್, ಅಗಲ 1.42 ಮೀಟರ್; ಎಂಎಕ್ಸ್-5 ಉದ್ದ 3.91, ಅಗಲ 1.73. ಚಾಪ್‌ಮನ್ ತೂಕ ಇಳಿಸಿದ್ದು ಮುಖ್ಯವಾಗಿ ವಸ್ತುಗಳನ್ನು ಬಿಟ್ಟುಬಿಡುವುದರಿಂದ. ಬಾಗಿಲೊಳಗೆ ಉಕ್ಕಿನ ತೊಲೆ ಇಲ್ಲ, ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ, ಸದ್ದು ತಡೆಯುವ ಹೊದಿಕೆ ಹೆಸರಿಗಷ್ಟೇ. ಮೈಯೆಲ್ಲ ಫೈಬರ್‌ಗ್ಲಾಸ್. ಅದರೊಳಗೆ ಬೆನ್ನೆಲುಬಿನ ಹಾಗೆ ತೆಳು ಉಕ್ಕಿನ ಹಾಳೆಯ ಒಂದು ಚಾಸಿಸ್. ಅದು ಬರಿದಾಗಿದ್ದಾಗ ಇಬ್ಬರು ಸಲೀಸಾಗಿ ಎತ್ತಿ ಹೊರುತ್ತೇವೆ. ಮಾಜ್ದಾದವರು ಅಷ್ಟೆಲ್ಲ ಸುರಕ್ಷತೆಯ ಸಾಮಾನುಗಳನ್ನು ತುಂಬಿದ ಮೇಲೂ, ಬಾನೆಟ್, ಮುಂದಿನ ಮಡ್ಗಾರ್ಡು, ಡಿಕ್ಕಿ ಬಾಗಿಲುಗಳನ್ನು ಅಲ್ಯೂಮಿನಿಯಂನಲ್ಲಿ ಮಾಡಿ, ಬ್ರಾಕೆಟ್ಟಿನಿಂದ ಗ್ರಾಂ ಲೆಕ್ಕದಲ್ಲಿ ಕೆತ್ತಿ, ಒಂದು ಟನ್ನಿನ ಆಸುಪಾಸಿನಲ್ಲಿ ನಿಲ್ಲಿಸಿದ್ದಾರೆ. ಎಂಜಿನಿಯರಿಂಗ್ ಸಾಹಸ ಎಂದು ನೋಡಿದರೆ ಎರಡನೆಯದೇ ಹೆಚ್ಚು ಕಷ್ಟದ್ದು ಎನ್ನುವುದು ನನ್ನ ಅಭಿಪ್ರಾಯ. ಕೈಗೆ ಸಿಗುವ ಅನುಭವ ಮಾತ್ರ ಬೇರೆಬೇರೆ.

ಎಲಾನ್ ಒಳಗೆ ಕೂತರೆ ಮೊದಲು ಗೊತ್ತಾಗುವುದು ಸ್ಟಿಯರಿಂಗ್. ತೆಳುವಾದ ಚಕ್ರ, ಪವರ್ ಇಲ್ಲ, ಮುಂದಿನ ಚಕ್ರಗಳ ಮೇಲೆ ಭಾರವೂ ಇಲ್ಲ. ರಸ್ತೆಯಲ್ಲಿ ಒಂದು ಸಣ್ಣ ತೇಪೆ ದಾಟಿದರೂ ಬೆರಳಿಗೆ ತಿಳಿಯುತ್ತದೆ. ತಿರುವಿನಲ್ಲಿ ಟಯರ್ ಹಿಡಿತ ಸಡಿಲವಾಗುವ ಮೊದಲೇ ಚಕ್ರ ಹಗುರಾಗಿ ಅಂಗೈಗೆ ಸುದ್ದಿ ಮುಟ್ಟಿಸುತ್ತದೆ. ಮೆಕ್‌ಲಾರೆನ್ ಎಫ್1 ಕಾರಿನ ವಿನ್ಯಾಸಕ ಗಾರ್ಡನ್ ಮರ್ರೆ ಅವರೇ ಈ ಸ್ಟಿಯರಿಂಗನ್ನು ಬಾಯ್ತುಂಬ ಹೊಗಳಿದ್ದಾರೆ. ಇನ್ನೊಂದು ಅಚ್ಚರಿ ಸ್ಪ್ರಿಂಗುಗಳದು. ಸ್ಪೋರ್ಟ್ಸ್ ಕಾರು ಎಂದರೆ ಕಲ್ಲಿನ ಹಾಗೆ ಗಡುಸು ಎಂದುಕೊಂಡು ಕೂತವರಿಗೆ ಎಲಾನ್ ಮೆತ್ತಗೆ ತೇಲಿದ ಹಾಗನ್ನಿಸುತ್ತದೆ. ಸ್ಪ್ರಿಂಗ್ ಮೆದು, ಸ್ಪ್ರಿಂಗಿನ ಕುಲುಕಾಟ ತಡೆಯುವ ಡ್ಯಾಂಪರ್ ಬಿಗಿ, ನಾಲ್ಕೂ ಚಕ್ರಗಳಿಗೆ ಪ್ರತ್ಯೇಕ ಸಸ್ಪೆನ್ಷನ್. ಹಾಗಾಗಿ ಒರಟು ರಸ್ತೆಯಲ್ಲೂ ಚಕ್ರ ನೆಲ ಬಿಡುವುದಿಲ್ಲ. 145 ಅಥವಾ 155 ಮಿಲಿಮೀಟರ್ ಅಗಲದ ಟಯರು ಅದಕ್ಕೆ ಸಾಕು.

ಎಂಎಕ್ಸ್-5 ಟಯರ್ 205 ಮಿಲಿಮೀಟರ್. ಸ್ಟಿಯರಿಂಗಿಗೆ ವಿದ್ಯುತ್ತಿನ ಸಹಾಯವಿದೆ. ತಿರುಗಿಸಿದ ಕಡೆ ಚುರುಕಾಗಿ ತಿರುಗುತ್ತದೆ, ಆದರೆ ರಸ್ತೆಯ ಸುದ್ದಿ ಸ್ವಲ್ಪ ಸೋಸಿ ಬರುತ್ತದೆ. ಗೇರ್ ಲಿವರ್ ಮಾತ್ರ ಮಣಿಕಟ್ಟಿನ ಒಂದು ಚಲನೆಯಲ್ಲಿ ಬೀಳುತ್ತದೆ. ಹೊಸ ಕಾರುಗಳಲ್ಲಿ ಅಂಥ ಗೇರ್ ನನಗೆ ಅಪರೂಪಕ್ಕೆ ಸಿಕ್ಕಿದೆ. ತಿರುವಿನಲ್ಲಿ ಇದರ ಮೈಯೂ ವಾಲುತ್ತದೆ. ಕೆಲವರು ಅದನ್ನು ದೋಷವೆಂದು ಗಡುಸು ಸ್ಪ್ರಿಂಗ್ ಹಾಕಿಸುತ್ತಾರೆ. ದಯವಿಟ್ಟು ಹಾಕಿಸಬೇಡಿ. ಆ ವಾಲುವಿಕೆಯೇ ಭಾರ ಯಾವ ಚಕ್ರದ ಮೇಲಿದೆ ಎಂದು ಬೆನ್ನಿಗೆ ಹೇಳುತ್ತಿರುತ್ತದೆ.

ವೇಗದ ಮಾತು ಬೇಗ ಮುಗಿಯುತ್ತದೆ. ಎಸ್3 ಎಂಜಿನ್ 1,558 ಸಿಸಿ, ಸುಮಾರು 105 ಅಶ್ವಶಕ್ತಿ. 2018ರ ನಂತರದ 2 ಲೀಟರ್ ಎಂಎಕ್ಸ್-5 ಆದರೆ 184, ಅದೂ ನಿಮಿಷಕ್ಕೆ 7,000 ಸುತ್ತಿನಲ್ಲಿ. ಹೊಸದು ಎಲ್ಲ ಲೆಕ್ಕದಲ್ಲೂ ಮುಂದು. ಆದರೆ ಎಲಾನ್‌ನಲ್ಲಿ ಎಂಬತ್ತು ಕಿಲೋಮೀಟರ್ ವೇಗಕ್ಕೇ ಮೈ ಜುಮ್ಮೆನ್ನುತ್ತದೆ. ಲೈಸೆನ್ಸ್ ಕಳೆದುಕೊಳ್ಳದೆ ಆನಂದಿಸಬಹುದಾದ ವೇಗ ಅದು. ಹಳೆಯ ಹಗುರ ಕಾರಿನ ನಿಜವಾದ ಸಂಪತ್ತು ಇದೇ.

ಇನ್ನು 'ಹಳೆಯದು ಗಟ್ಟಿ' ಎಂಬ ಮಾತು. ಇದನ್ನು ನಂಬಿ ಯಾರೂ ಹಳೆಯ ಕಾರು ಕೊಳ್ಳಬಾರದು. ಡಿಕ್ಕಿಯಾದಾಗ ಪೆಟ್ಟನ್ನು ಯಾರೋ ಒಬ್ಬರು ಹೀರಬೇಕು, ಕಾರು ಅಥವಾ ಒಳಗೆ ಕೂತವರು. ಮುಂಭಾಗ ಮಡಚಿಕೊಂಡು ಪೆಟ್ಟು ಹೀರಬೇಕು, ನಡುವಿನ ಕೋಣೆ ಮಡಚಬಾರದು ಎಂಬ ವಿಚಾರಕ್ಕೆ ಮರ್ಸಿಡಿಸ್‌ನ ಬೇಲಾ ಬರೇನಿ ಪೇಟೆಂಟ್ ಪಡೆದದ್ದು 1950ರ ದಶಕದ ಆರಂಭದಲ್ಲಿ. ಅದು ಎಲ್ಲ ಕಾರುಗಳಿಗೂ ಬರಲು ದಶಕಗಳೇ ಬೇಕಾದವು. ಅಮೆರಿಕದ ಐಐಎಚ್‌ಎಸ್ ಎಂಬ ಸುರಕ್ಷತಾ ಸಂಸ್ಥೆ ತನಗೆ ಐವತ್ತು ತುಂಬಿದ 2009ರಲ್ಲಿ, 1959ರ ಷೆವರ್ಲೆ ಬೆಲ್ ಏರ್ ಮತ್ತು 2009ರ ಷೆವರ್ಲೆ ಮಾಲಿಬು ಕಾರುಗಳನ್ನು ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಮುಖಾಮುಖಿ ಗುದ್ದಿಸಿತು. ಹಳೆಯದರ ಕೋಣೆ ಕುಸಿದು ಸ್ಟಿಯರಿಂಗ್ ಚಾಲಕನ ಗೊಂಬೆಯ ಮೇಲೆ ಬಂತು. ಹೊಸದರಲ್ಲಿ ಚಾಲಕನ ಕಾಲಿಗೆ ಗಾಯವಾಗಿ ಜೀವ ಉಳಿಯುತ್ತಿತ್ತು. ಬೆಲ್ ಏರ್ ಭಾರಿ ಉಕ್ಕಿನ ಗಾಡಿ. ಎಲಾನ್ ಅಂತೂ ತೆಳು ಫೈಬರ್‌ಗ್ಲಾಸ್. ಪೆಟ್ಟು ಬಿದ್ದರೆ ಅದು ನೆಗ್ಗುವುದಿಲ್ಲ, ಒಡೆಯುತ್ತದೆ. ಈಗಿನ ಎಂಎಕ್ಸ್-5 2015ರಲ್ಲಿ ಯೂರೋ ಎನ್‌ಕ್ಯಾಪ್ ಎಂಬ ಯೂರೋಪಿನ ಅಪಘಾತ ಸುರಕ್ಷತಾ ಪರೀಕ್ಷೆಯಲ್ಲಿ ಐದರಲ್ಲಿ ನಾಲ್ಕು ನಕ್ಷತ್ರ ಪಡೆದಿದೆ. ಎರಡರ ನಡುವೆ ಇರುವುದು ಕೂದಲೆಳೆಯ ಅಂತರವಲ್ಲ. ಮೊದಲ ಬಾರಿ ಎಲಾನ್‌ನಲ್ಲಿ ಕೂತಾಗ ಪಕ್ಕದಲ್ಲೊಂದು ಲಾರಿ ಬಂದು ನಿಂತರೆ ಅದರ ಚಕ್ರದ ಬೋಲ್ಟುಗಳು ನಿಮ್ಮ ಕಣ್ಣಿನ ಮಟ್ಟಕ್ಕಿರುತ್ತವೆ. ಲಾರಿಯವನಿಗೆ ನೀವು ಕಾಣಿಸುವುದೇ ಇಲ್ಲ ಎಂದು ಲೆಕ್ಕ ಹಾಕಿ ಓಡಿಸಬೇಕು.

ಎರಡನೇ ಸ್ನೇಹಿತರ 'ಗ್ಯಾರೇಜಿನಲ್ಲೇ ಇರುತ್ತದೆ' ಎಂಬ ಮಾತು ಅರ್ಧ ಸತ್ಯ. ಚೆನ್ನಾಗಿ ಕಟ್ಟಿದ, ವಾರವಾರ ಓಡುವ ಎಲಾನ್ ನಂಬಿಕೆಯ ಕಾರು. ಅದನ್ನು ಕೆಡಿಸುವುದು ನಿಲ್ಲಿಸಿಡುವುದು. ನೀವು ಹೆಚ್ಚುಗಾರಿಕೆ ಎಂದು ಬರೆದ 'ಹದಿನೈದು ವರ್ಷಕ್ಕೆ ಮೂರು ಸಾವಿರ ಕಿಲೋಮೀಟರ್' ಎಂಬುದೇ ನನ್ನನ್ನು ಹೆದರಿಸಿದ್ದು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿ ಒಳಗಿನ ಪಿಸ್ಟನ್ನುಗಳಿಗೆ ತುಕ್ಕು ಹಿಡಿಸುತ್ತದೆ. ಸೀಲುಗಳು ಒಣಗಿ ಬಿರಿಯುತ್ತವೆ. ಪೆಟ್ರೋಲು ಕಾರ್ಬುರೇಟರಿನ ಸಣ್ಣ ತೂತುಗಳಲ್ಲಿ ಅಂಟಾಗಿ ಕೂರುತ್ತದೆ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿದ್ದರೆ ಹಳೆಯ ಕಾಲದ ರಬ್ಬರ್ ಹೋಸುಗಳನ್ನು ಅದು ಒಳಗಿನಿಂದಲೇ ಮೆದು ಮಾಡುತ್ತದೆ.

ಟಯರಿನದು ಇನ್ನೊಂದು ಕಥೆ. ಒಮ್ಮೆ ನನ್ನ ಬಳಿ ತಪಾಸಣೆಗೆ ಬಂದ ಹಳೆಯ ಸ್ಪೋರ್ಟ್ಸ್ ಕಾರೊಂದರ ಮಾಲೀಕರು, 'ಟಯರು ಹೊಸದು, ನೋಡಿ ಮುಳ್ಳು ಹಾಗೇ ಇದೆ' ಎಂದು ಬೆರಳಿಟ್ಟು ತೋರಿಸಿದರು. ನಿಜ, ಸವೆತವೇ ಇರಲಿಲ್ಲ. ಪಕ್ಕದ ಗೋಡೆಯ ಮೇಲೆ ನಾಲ್ಕು ಅಂಕಿಯಿತ್ತು: 2204. ಎಂದರೆ 2004ನೇ ಇಸವಿಯ 22ನೇ ವಾರದಲ್ಲಿ ತಯಾರಾದದ್ದು. ನಾವು ಅದನ್ನು ನೋಡುತ್ತಿದ್ದ ಹೊತ್ತಿಗೆ ಅದಕ್ಕೆ ಹನ್ನೆರಡು ವರ್ಷ ತುಂಬಿತ್ತು. ಗಾಳಿ ಇಳಿಸಿ ಅಂಚನ್ನು ಹೆಬ್ಬೆರಳಿನಿಂದ ಒತ್ತಿದಾಗ ಒಣಗಿದ ಕೆರೆಯ ತಳದ ಹಾಗೆ ಬಿರುಕುಗಳು ಬಾಯಿ ತೆರೆದವು. ಅದೇ ಟಯರಿನ ಮೇಲೆ ಅವರು ಕುಟುಂಬವನ್ನು ಕೂರಿಸಿಕೊಂಡು ಇನ್ನೂರು ಕಿಲೋಮೀಟರ್ ಓಡಿಸಿಕೊಂಡು ಬಂದಿದ್ದರು.

ಈಗ ಎಲಾನ್ ಕಾರಿನ ವಿಶೇಷ ಜಾಗಗಳಿಗೆ ಬರೋಣ. ಹೊರಗೆ ಥಳುಕು ಒಳಗೆ ಹುಳುಕು ಎಂಬ ಮಾತು ಈ ಕಾರಿಗೆ ಹೇಳಿ ಮಾಡಿಸಿದ್ದು. ಫೈಬರ್‌ಗ್ಲಾಸ್ ಮೈಗೆ ತುಕ್ಕು ಹಿಡಿಯುವುದಿಲ್ಲ, ಹಾಗಾಗಿ ಕಾರು ಎಷ್ಟು ಹಾಳಾಗಿದ್ದರೂ ಹೊಳೆಯುತ್ತಲೇ ಇರುತ್ತದೆ. ತುಕ್ಕು ಹಿಡಿಯುವುದು ಒಳಗಿನ ಚಾಸಿಸ್ಸಿಗೆ, ಅದರಲ್ಲೂ ಮುಂದಿನ ಸಸ್ಪೆನ್ಷನ್ ನಿಂತಿರುವ ಗೋಪುರಗಳಿಗೆ ಮತ್ತು ಮುಂದಿನ ಅಡ್ಡ ತೊಲೆಗೆ. ಪೂರ್ತಿ ಕಟ್ಟಿದ್ದು ಎಂದು ಮಾರಾಟಕ್ಕೆ ಬಂದ ಕಾರೊಂದರ ಅಡಿಗೆ ಮಲಗಿ ನಾನು ನೋಡಿದಾಗ, ಯಾರೋ ಹಿಂದೆ ಅಡಿಭಾಗಕ್ಕೆ ಬಳಿಯುವ ಕಪ್ಪು ಅಂಡರ್‌ಕೋಟನ್ನು ಬೆಣ್ಣೆಯ ಹಾಗೆ ಮೆತ್ತಿದ್ದರು. ಸ್ಕ್ರೂಡ್ರೈವರಿನ ಹಿಡಿಕೆಯಿಂದ ತಟ್ಟುತ್ತಾ ಹೋದೆ. ಟಣ್, ಟಣ್ ಎನ್ನುತ್ತಿದ್ದ ಸದ್ದು ಒಂದು ಕಡೆ 'ಡಬ್' ಎಂದಿತು. ತುದಿಯಿಂದ ಒತ್ತಿದರೆ ಸ್ಕ್ರೂಡ್ರೈವರ್ ಹಿಡಿಕೆಯವರೆಗೆ ಒಳಗೆ ಹೋಯಿತು. ಕೊಳ್ಳಲು ಬಂದಿದ್ದವರು ಏನೂ ಮಾತಾಡಲಿಲ್ಲ, ಬಣ್ಣದ ಕಡೆಗೇ ನೋಡುತ್ತಾ ನಿಂತಿದ್ದರು.

ಆದ್ದರಿಂದ ಮಾರುವವರನ್ನು ಕೇಳಬೇಕಾದ ಮೊದಲ ಪ್ರಶ್ನೆ ಚಾಸಿಸ್ ಬಗ್ಗೆಯೇ. ಕಾರು ಬಿಚ್ಚಿದ್ದಾಗ ಅದನ್ನು ಬದಲಿಸಿದರೇ? ತುಕ್ಕು ತಡೆಯಲು ಸತು ಲೇಪಿಸಿದ ಹೊಸ ಚಾಸಿಸ್ಸುಗಳು ದಶಕಗಳಿಂದ ಸಿಗುತ್ತಿವೆ. 'ಮೂಲ ಚಾಸಿಸ್ಸೇ ಇದೆ' ಎಂದು ಹೆಮ್ಮೆಯಿಂದ ಹೇಳಿದರೆ ಸಂಗ್ರಾಹಕರು ಹಿಗ್ಗುತ್ತಾರೆ. ಓಡಿಸಲು ಕೊಳ್ಳುವ ನೀವು ಹಿಗ್ಗಬೇಡಿ. ನನ್ನನ್ನು ಕೇಳಿದರೆ ಸತು ಲೇಪದ ಬದಲಿ ಚಾಸಿಸ್ ಇರುವ ಕಾರೇ ಮೇಲು.

ಹಿಂದಿನ ಚಕ್ರಗಳಿಗೆ ಶಕ್ತಿ ಮುಟ್ಟಿಸುವ ಶಾಫ್ಟುಗಳಲ್ಲಿ ರಬ್ಬರಿನ ದಪ್ಪ ಬಳೆಗಳಿವೆ, ಪ್ರತಿ ಪಕ್ಕಕ್ಕೆ ಎರಡು. ರೋಟೋಫ್ಲೆಕ್ಸ್ ಎನ್ನುತ್ತಾರೆ. ಕ್ಲಚ್ ಬಿಡುವಾಗ ಇವು ಸ್ಪ್ರಿಂಗಿನಂತೆ ಹುರಿಗೊಂಡು ಬಿಚ್ಚುವುದರಿಂದ ಕಾರು ಒಂದು ಸಲ ಕುಪ್ಪಳಿಸುತ್ತದೆ. ಹೊಸಬರು ತಮ್ಮ ಕಾಲಿನ ತಪ್ಪೆಂದುಕೊಳ್ಳುತ್ತಾರೆ. ಕುಪ್ಪಳಿಸಿದರೆ ತೊಂದರೆಯಿಲ್ಲ, ಹರಿದರೆ ತೊಂದರೆ. ವೇಗದಲ್ಲಿ ಒಂದು ಬಳೆ ತುಂಡಾದರೆ ಶಾಫ್ಟು ಚಾಟಿಯ ಹಾಗೆ ಬೀಸಿ ಸುತ್ತಲಿದ್ದದ್ದನ್ನೆಲ್ಲ ಬಡಿಯುತ್ತದೆ. ಬೋಲ್ಟುಗಳ ನಡುವೆ ಟಾರ್ಚ್ ಬಿಟ್ಟು ಬಿರುಕು ನೋಡಬೇಕು. ಇವನ್ನು ತೆಗೆದು ಲೋಹದ ಕೀಲಿರುವ ಸಿವಿ ಜಾಯಿಂಟಿನ ಶಾಫ್ಟು ಹಾಕಿಸಿಕೊಳ್ಳುವವರೂ ಇದ್ದಾರೆ. ವಾರಕ್ಕೆರಡು ಸಲ ಓಡಿಸುವವರಿಗೆ ನಾನು ಅದನ್ನೇ ಹೇಳುತ್ತೇನೆ.

ಮುಂದಿನ ಚಕ್ರಗಳ ಕೆಳಕೀಲಿಗೆ ಟ್ರನಿಯನ್ ಎಂದು ಹೆಸರು. ಟ್ರಯಂಫ್ ಕಾರುಗಳಿಂದ ಬಂದ ಭಾಗ. ಅದಕ್ಕೆ ಹಾಕಬೇಕಾದದ್ದು ಇಪಿ90 ಗೇರ್ ಆಯಿಲ್. ಎಣ್ಣೆ ತುಂಬುವ ನಿಪ್ಪಲ್ ಕಂಡ ಕೂಡಲೇ ಗ್ರೀಸ್ ತುಂಬುವುದು ಮೆಕ್ಯಾನಿಕ್‌ಗಳ ಅಭ್ಯಾಸ. ಗ್ರೀಸ್ ಒಳಗಿನ ಸ್ಕ್ರೂ ಮರೆಯವರೆಗೆ ಇಳಿಯುವುದಿಲ್ಲ. ಅಲ್ಲಿ ನೀರು ಕೂತು, ಲೋಹ ಸವೆದು, ಒಂದು ದಿನ ಚಕ್ರ ಹಿಡಿದಿರುವ ಕಂಬವೇ ಮುರಿದು ಚಕ್ರ ಮಡಚಿಕೊಳ್ಳುತ್ತದೆ. ಆಯಿಲ್ ಹಾಕುವುದು ಹತ್ತು ನಿಮಿಷದ ಕೆಲಸ, ಆದರೆ ಬೇರೆ ಯಾರೂ ನಿಮಗೆ ನೆನಪಿಸುವುದಿಲ್ಲ. ವಾಟರ್ ಪಂಪ್ ಕೂಡ ಅಂಥದ್ದೇ. ಟೈಮಿಂಗ್ ಚೈನಿನ ಮುಚ್ಚಳದೊಳಗೇ ಸೇರಿಕೊಂಡಿರುವುದರಿಂದ ಅದನ್ನು ಬದಲಿಸಲು ಎಂಜಿನ್ನಿನ ಹೆಡ್ಡು, ಕೆಳಗಿನ ಎಣ್ಣೆಯ ಸಂಪು ಎರಡನ್ನೂ ಕಳಚಬೇಕು. ಫ್ಯಾನ್ ಬೆಲ್ಟನ್ನು ಅತಿಯಾಗಿ ಬಿಗಿದರೆ ಪಂಪಿನ ಬೇರಿಂಗ್ ಬೇಗ ಸಾಯುತ್ತದೆ. ಪಂಪನ್ನು ಬಿಡಿಯಾಗಿ ಹೊರತೆಗೆಯಬಹುದಾದ ಮುಚ್ಚಳಗಳು ಈಗ ಸಿಗುತ್ತವೆ. ಎಂಜಿನ್ ಹೇಗೂ ಬಿಚ್ಚುವ ಸಂದರ್ಭ ಬಂದರೆ ಅದನ್ನು ಹಾಕಿಸಿಬಿಡಿ.

ಇಷ್ಟರಲ್ಲಿ ನನ್ನನ್ನು ಹೆಚ್ಚು ಕಾಡುವುದು ಬೆಂಕಿ. ಈ ಎಂಜಿನ್ನಿನಲ್ಲಿ ಜೋಡಿ ಕಾರ್ಬುರೇಟರುಗಳು ಮೇಲೆ, ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಸರಿಯಾಗಿ ಅವುಗಳ ಕೆಳಗೆ. ಹಳೆಯ ಹೋಸ್ ಒಂದು ತೊಟ್ಟಿಕ್ಕಿದರೆ ಪೆಟ್ರೋಲು ಬೀಳುವುದು ಅಲ್ಲಿಗೇ. ಫೈಬರ್‌ಗ್ಲಾಸ್ ಮೈಗೆ ಹೊತ್ತಿಕೊಂಡರೆ ಆರಿಸಲು ಸಮಯ ಸಿಗುವುದಿಲ್ಲ. ಕಾರು ಯಾರದೇ ಆಗಲಿ, ಎಷ್ಟೇ ಚೆನ್ನಾಗಿರಲಿ, ಮನೆಗೆ ತಂದ ದಿನವೇ ಎಥನಾಲ್ ತಾಳುವ ಹೋಸುಗಳನ್ನು ಹಾಕಿ, ಕೈಗೆಟುಕುವಲ್ಲಿ ಒಂದು ಅಗ್ನಿಶಾಮಕ ಸಿಲಿಂಡರ್ ಇಡಿ. ಮೊದಲ ಓಟ ಅದಾದ ಮೇಲೆಯೇ.

ಎಂಎಕ್ಸ್-5 ಬಗ್ಗೆ ಇಷ್ಟುದ್ದ ಬರೆಯುವಂಥದ್ದು ಇಲ್ಲ, ಅದೇ ಅದರ ದೊಡ್ಡ ಗುಣ. ನೋಡಲು ಹೋದಾಗ ಗೇರನ್ನು ಒಂದರಿಂದ ಎರಡಕ್ಕೆ, ಮೂರರಿಂದ ಎರಡಕ್ಕೆ ಹಲವು ಸಲ ಹಾಕಿ ನೋಡಿ. ಈ ತಲೆಮಾರಿನ ಮೊದಲ ವರ್ಷಗಳ ಗೇರ್‌ಬಾಕ್ಸ್ ಬಗ್ಗೆ ದೂರುಗಳಿದ್ದವು. ನೀವು ಹೇಳುವ ಕಾರು ಅವುಗಳ ನಂತರದ್ದು, ಆದರೂ ಕಿರಕಿರ ಸದ್ದು ಬಂದರೆ ಬಿಟ್ಟುಬಿಡಿ. ಬಟ್ಟೆಯ ಟಾಪಿನ ಹಿಂದೆ ಮಳೆ ನೀರು ಇಳಿದುಹೋಗುವ ತೂತುಗಳಲ್ಲಿ ಎಲೆ, ಕಸ ಕಟ್ಟಿಕೊಂಡಿದ್ದರೆ ನೀರು ಒಳಗೆ ಇಳಿದು ಸೀಟಿನ ಹಿಂದೆ ತೇವವಾಗಿರುತ್ತದೆ. ಕೈ ಹಾಕಿ ನೋಡಿ. ರೇಸ್ ಟ್ರ್ಯಾಕಿನಲ್ಲಿ ಓಡಿದ ಕಾರುಗಳೂ ಮಾರಾಟಕ್ಕೆ ಬರುತ್ತವೆ. ಬ್ರೇಕ್ ಡಿಸ್ಕಿನ ಬಣ್ಣ, ಟಯರಿನ ಅಂಚು ಅದನ್ನು ಹೇಳಿಬಿಡುತ್ತವೆ. ನೀವು ಎತ್ತರದವರಾಗಿದ್ದರೆ ಟಾಪ್ ಮುಚ್ಚಿ ಅರ್ಧ ಗಂಟೆ ಕೂತು ನೋಡಿ, ಐದು ನಿಮಿಷದಲ್ಲಿ ಗೊತ್ತಾಗುವುದಿಲ್ಲ.

ಬೆಲೆ ಏರುತ್ತಲೇ ಇರುತ್ತದೆ ಎಂಬ ಮಾತನ್ನು ಲೆಕ್ಕದಿಂದ ತೆಗೆದುಬಿಡಿ. ಹಳೆಯ ಕಾರಿನ ಬೆಲೆ ಏರುವುದು ಅದನ್ನು ಚಿಕ್ಕಂದಿನಲ್ಲಿ ಕಂಡು ಆಸೆಪಟ್ಟ ಪೀಳಿಗೆಯ ಕೈಯಲ್ಲಿ ದುಡ್ಡಿರುವವರೆಗೆ. ಆ ಪೀಳಿಗೆಗೆ ವಯಸ್ಸಾದಾಗ ಇಳಿಯಲೂಬಹುದು. ಏರಿದರೂ ನಡುವೆ ನೀವು ಹಾಕುವ ಬಿಡಿಭಾಗ, ವಿಮೆ, ಮೆಕ್ಯಾನಿಕ್ ಕೂಲಿ ಅದನ್ನು ನುಂಗುತ್ತವೆ. ಮತ್ತೆ, ಬೆಲೆ ಕಾಯುವವರು ಕಾರು ಓಡಿಸುವುದಿಲ್ಲ. ನಿಮ್ಮ ಎಸ್3 ಹದಿನೈದು ವರ್ಷ ನಿಂತಿದ್ದಕ್ಕೆ ಬಹುಶಃ ಅದೇ ಕಾರಣ. ಎಂಎಕ್ಸ್-5 ಬೆಲೆ ಇಳಿಯುತ್ತದೆ, ಆದರೆ ಎಷ್ಟು ಇಳಿಯುತ್ತದೆ ಎಂದು ಮೊದಲೇ ಅಂದಾಜು ಸಿಗುತ್ತದೆ.

ಈಗ ನಿಮ್ಮ ಮುಂದಿರುವ ದಾರಿಗಳು. ಎಲಾನನ್ನು ಇದ್ದ ಹಾಗೆ ಕೊಂಡು ಓಡಿಸುವುದು ಒಂದು. ಮೇಲೆ ಹೇಳಿದ್ದನ್ನೆಲ್ಲ ಓದಿದ ಮೇಲೆ ಅದನ್ನು ನಾನು ಬೇಡ ಎನ್ನುತ್ತೇನೆಂದು ನಿಮಗೇ ಗೊತ್ತಾಗಿರುತ್ತದೆ. ಎರಡನೆಯದು, ಚಾಸಿಸ್ ಸರಿಯಿದ್ದರೆ ಮಾತ್ರ ಕೊಂಡು, ಬೆಲೆಯ ಮೂರನೇ ಒಂದು ಪಾಲನ್ನಾದರೂ ಕೈಯಲ್ಲಿ ಉಳಿಸಿಕೊಂಡು, ಮೊದಲ ವರ್ಷ ಬ್ರೇಕು, ಹೋಸು, ಟಯರು, ಶಾಫ್ಟು ಎಲ್ಲ ಹೊಸದು ಮಾಡಿ ಓಡಿಸುವುದು. ಇದರಲ್ಲಿ ಸುಖವಿದೆ, ತಾಳ್ಮೆ ಬೇಕು. ಈ ಎಂಜಿನ್ನಿನ ವೆಬರ್ ಕಾರ್ಬುರೇಟರ್ ಹೊಂದಿಸಲು ಬಲ್ಲ ಒಬ್ಬರಾದರೂ ನಿಮಗೆ ಹತ್ತಿರವಿರಬೇಕು. ಮೂರನೆಯದು ನೀವು ನೋಡಿರುವ ಎಂಎಕ್ಸ್-5. ನಡುವೆ ಇನ್ನೊಂದಿದೆ: 1989ರಿಂದ 1997ರವರೆಗಿನ ಮೊದಲ ತಲೆಮಾರಿನ ಎಂಎಕ್ಸ್-5. ಎದ್ದು ಕೂರುವ ಹೆಡ್‌ಲೈಟು, ಒಂದು ಟನ್ನಿಗಿಂತ ಕಡಿಮೆ ತೂಕ, ಎಲಾನ್ ಸುಖದ ಬಹುಪಾಲು, ತಲೆನೋವಿನ ಸಣ್ಣ ಪಾಲು. ಅದಕ್ಕೂ ಬಾಗಿಲ ಕೆಳಗಿನ ಸಿಲ್ಲುಗಳಲ್ಲಿ, ಹಿಂದಿನ ಚಕ್ರದ ಮುಂದೆ, ತುಕ್ಕು ಬರುತ್ತದೆ. 1996ರ ಲೋಟಸ್ ಎಲೀಸ್ ನೆನಪಾಗಿರಬಹುದು. ಅಂಟಿಸಿ ಕೂಡಿಸಿದ ಅಲ್ಯೂಮಿನಿಯಂ ಚಾಸಿಸ್, ಸುಮಾರು 725 ಕಿಲೋ, ಓಡಿಸಿದವರು ಮರೆಯುವುದಿಲ್ಲ. ಆದರೆ ಮೊದಲ ಎಲೀಸ್‌ಗಳಲ್ಲಿ ಏರ್‌ಬ್ಯಾಗೂ ಇಲ್ಲ ಎಬಿಎಸ್ಸೂ ಇಲ್ಲ, ಅಲ್ಯೂಮಿನಿಯಂ ಚಾಸಿಸ್ಸಿಗೆ ಪೆಟ್ಟಾಗಿದ್ದರೆ ರಿಪೇರಿ ಎಂಬುದೇ ಇಲ್ಲದ ಹಾಗೆ.

ನೀವೊಬ್ಬರೇ ಓಡಿಸುವುದಾಗಿದ್ದರೆ ನನ್ನ ಉತ್ತರ ಎರಡನೇ ದಾರಿ, ಅನುಮಾನವಿಲ್ಲದೆ. ಶೆಡ್ಡಿದೆ, ಬೇರೆ ಕಾರಿದೆ, ಕೈಗೆ ಸ್ಪ್ಯಾನರ್ ಗೊತ್ತಿದೆ, ಆಸೆ ಮೂವತ್ತು ವರ್ಷದ್ದು. ಅಪಾಯ ಎಂಥದ್ದೆಂದು ತಿಳಿದು, ದೊಡ್ಡವರು ತಮ್ಮ ಮಟ್ಟಿಗೆ ಒಪ್ಪಿಕೊಂಡರೆ ಅದರಲ್ಲಿ ತಪ್ಪೇನಿಲ್ಲ.

ಆದರೆ ಮಗಳು ಕಾಯುತ್ತಿದ್ದಾಳೆ ಎಂದು ಬರೆದಿದ್ದೀರಿ. ಹೊಸದಾಗಿ ಕಲಿತವರು ಗಾಬರಿಯಾದಾಗ ಮಾಡುವುದು ಎರಡೇ: ಬ್ರೇಕನ್ನು ಪೂರ್ತಿ ತುಳಿಯುವುದು, ಇಲ್ಲವೇ ತಿರುವಿನ ನಡುವೆ ಎಕ್ಸಲರೇಟರಿನಿಂದ ಕಾಲು ತೆಗೆಯುವುದು. ಎಲಾನ್‌ನಲ್ಲಿ ಮೊದಲನೆಯದಕ್ಕೆ ಚಕ್ರ ಕಚ್ಚಿಕೊಂಡು ಸ್ಟಿಯರಿಂಗ್ ಕೆಲಸ ಮಾಡುವುದಿಲ್ಲ. ಎರಡನೆಯದಕ್ಕೆ ಹಿಂಭಾಗ ಸರಿದು ಬರಬಹುದು. ಒಂದೂವರೆ ಸೆಕೆಂಡಿನಲ್ಲಿ ಸರಿಪಡಿಸಲು ಕೈಗೆ ವರ್ಷಗಳ ಅಭ್ಯಾಸ ಬೇಕು. ಎಂಎಕ್ಸ್-5ನಲ್ಲಿ ಎಬಿಎಸ್, ಜಾರುವ ಕಾರನ್ನು ಹತೋಟಿಗೆ ತರುವ ಇಎಸ್‌ಸಿ ಆ ತಪ್ಪನ್ನು ಹಿಡಿದುಕೊಳ್ಳುತ್ತವೆ, ಹಿಡಿಯದಿದ್ದರೆ ಏರ್‌ಬ್ಯಾಗ್ ಇದೆ. ಕ್ಲಚ್ಚು, ಗೇರು, ಭಾರ ಒಂದು ಚಕ್ರದಿಂದ ಇನ್ನೊಂದಕ್ಕೆ ಸರಿಯುವುದನ್ನು ಬೆನ್ನಿನಲ್ಲಿ ಓದುವುದು, ಇವೆಲ್ಲವನ್ನೂ ಅವಳು ಅದರಲ್ಲೇ ಕಲಿಯಬಹುದು.

'ಅವಳಿಗೆ ಕೊಡುವುದಿಲ್ಲ, ನಾನೊಬ್ಬನೇ ಓಡಿಸುತ್ತೇನೆ' ಎಂದು ಈಗ ಹೇಳಿಕೊಳ್ಳಬೇಡಿ. ಕೀಲಿ ಮನೆಯಲ್ಲೇ ತೂಗಿರುತ್ತದೆ. ಮನಸ್ಸೂ ಕರಗುತ್ತದೆ, ನನ್ನದೂ ಕರಗಿದೆ. ಈಗ ಎಂಎಕ್ಸ್-5 ತನ್ನಿ, ಐದಾರು ವರ್ಷ ಇಬ್ಬರೂ ಓಡಿಸಿ. ಆಮೇಲೆ ಎಲಾನ್ ಹುಡುಕಿ. ಅಷ್ಟರಲ್ಲಿ ಯಾವುದನ್ನು ತಟ್ಟಿ ನೋಡಬೇಕು ಎಂಬುದು ಇಬ್ಬರಿಗೂ ಗೊತ್ತಿರುತ್ತದೆ.

ಇಷ್ಟು ಹೇಳಿದ ಮೇಲೂ ನೀವು ಈ ಭಾನುವಾರ ಆ ಎಸ್3 ನೋಡಲು ಹೋಗಿಯೇ ಹೋಗುತ್ತೀರಿ ಎಂದು ನನಗೆ ಗೊತ್ತು. ಹೋದರೆ ಒಂದು ಕೆಲಸ ಮಾಡಿ. ಈ ಕಾರಿನ ಹೆಡ್‌ಲೈಟುಗಳು ಮೇಲೇಳುವುದು ಎಂಜಿನ್ನಿನ ನಿರ್ವಾತದ ಬಲದಿಂದ, ಆ ನಿರ್ವಾತ ಶೇಖರವಾಗುವುದು ಚಾಸಿಸ್ಸಿನ ಮುಂದಿನ ಅಡ್ಡ ತೊಲೆಯ ಒಳಗೇ. ಎಂಜಿನ್ ಓಡಿಸಿ, ಲೈಟುಗಳನ್ನು ಎಬ್ಬಿಸಿ, ಎಂಜಿನ್ ಆರಿಸಿ, ಮಾರುವವರ ಜೊತೆ ಕಾಗದಪತ್ರ ನೋಡುತ್ತಾ ಕಾಲು ಗಂಟೆ ಕಳೆಯಿರಿ. ತಿರುಗಿ ನೋಡಿದಾಗ ಲೈಟುಗಳು ಆಗಲೇ ರೆಪ್ಪೆ ಮುಚ್ಚಿದ್ದರೆ ಸೋರಿಕೆ ಇದೆ ಎಂದರ್ಥ. ಅದು ರಬ್ಬರ್ ಪೈಪಿನಲ್ಲಿದ್ದರೆ ಚಿಲ್ಲರೆ ಕೆಲಸ, ತೊಲೆಯಲ್ಲಿದ್ದರೆ ಇಡೀ ಮೈಯನ್ನು ಚಾಸಿಸ್ಸಿನಿಂದ ಎತ್ತಬೇಕು. ಯಾವುದೆಂದು ತಿಳಿಯದಿದ್ದರೆ ಅಡಿಯಿಂದ ತೊಲೆಯ ನಾಲ್ಕು ಫೋಟೋ ತೆಗೆದು ಕಳಿಸಿ, ಅಂಡರ್‌ಕೋಟ್ ಕೆರೆದು ತೆಗೆದದ್ದಾಗಿರಲಿ.